ಹೊಸದಾಗಿ ಕಟ್ಟಿದ ಹಳೇ ವಿಮಾನವನ್ನು ನಕಲಿ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಪತ್ರಿಕೆಗೆ ನಾನು ಬರೆಯುತ್ತಿರುವುದು ಇದೇ ಮೊದಲು. ಪತ್ರ ಉದ್ದವಾಗಿದೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಆದರೆ 1942ರಲ್ಲಿ ಬೆಂಗಳೂರಿನಲ್ಲಿ ಜೋಡಿಸಿದ ಹಾಕ್ ಎಂಬ ಫೈಟರ್ ವಿಮಾನದ ಬಗ್ಗೆ ಬರೆದಿರುವುದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಹೋದ ತಿಂಗಳು ಮಗಳು, ಅಳಿಯ ಮನೆಗೆ ಬಂದಿದ್ದರು. ಊಟ ಆದ ಮೇಲೆ ಅಳಿಯ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಫೈಟರ್, ಫೋಕೆ ವುಲ್ಫ್ 190, ಹುಲ್ಲಿನ ಮೈದಾನದ ಮೇಲೆ ತೀರಾ ತಗ್ಗಿನಲ್ಲಿ ಹಾರಿ ಹೋಯಿತು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅಷ್ಟರಲ್ಲಿ ಅವರೇ, "ಆದರೆ ಮಾವ, ಇದು ಒರಿಜಿನಲ್ ಅಲ್ಲ, ಈಚೆಗೆ ಮಾಡಿದ ಡೂಪ್ಲಿಕೇಟು" ಅಂದರು. ಮಗಳು "ಹೌದಾ, ನಕಲಿನಾ?" ಅಂತ ಫೋನಿನಿಂದ ಮುಖ ತಿರುಗಿಸಿದಳು. ಇಬ್ಬರೂ ಇಂಜಿನಿಯರಿಂಗ್ ಓದಿದವರು. ಆ ಒಂದು ಮಾತು ನನ್ನನ್ನು ರಾತ್ರಿಯೆಲ್ಲ ಕೊರೆಯಿತು.

ಯಾಕೆ ಅಂತ ಹೇಳುತ್ತೇನೆ. ನಮ್ಮಪ್ಪ ಎಚ್‌ಎಎಲ್‌ನಲ್ಲಿ ರಿವೆಟ್, ಅಂದರೆ ತಗಡುಗಳನ್ನು ಜೋಡಿಸುವ ಲೋಹದ ಮೊಳೆ, ಹೊಡೆಯುವ ಕೆಲಸದಲ್ಲಿದ್ದವರು. ನಾನು ಪೀಣ್ಯದ ಒಂದು ಶೆಡ್‌ನಲ್ಲಿ 31 ವರ್ಷ ಶೀಟ್ ಮೆಟಲ್ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ತಗಡನ್ನು ಕೈಯಲ್ಲಿ ಬಗ್ಗಿಸಿ, ಎರಡು ಕಡೆಗೂ ಉಬ್ಬುವ ಹಾಗೆ ಮಾಡುವುದು ಎಂಥ ಕಷ್ಟ ಅಂತ ನನಗೆ ಗೊತ್ತು. ಆ ಫೋಕೆ ವುಲ್ಫ್‌ನ ರೆಕ್ಕೆ ಹೊಟ್ಟೆಗೆ ಸೇರುವ ಜಾಗವನ್ನು ಆ ವಿಡಿಯೊದಲ್ಲಿ ನಾನು ಎರಡೆರಡು ಸಲ ನಿಲ್ಲಿಸಿ ನೋಡಿದೆ. ಅದನ್ನು ಮಾಡಿದ ಕೈಗೆ ನಕಲಿ ಅನ್ನುವ ಮಾತು ಒಪ್ಪುವುದಿಲ್ಲ.

ಮೊದಲು ಆ ವಿಮಾನದ ಕಥೆ. ಜರ್ಮನಿಯ ಬವೇರಿಯಾದಲ್ಲಿ ಫ್ಲುಗ್ ವೆರ್ಕ್ ಅಂತ ಒಂದು ಸಣ್ಣ ಕಂಪನಿ 1990ರ ದಶಕದಲ್ಲಿ ಈ ಕೆಲಸಕ್ಕೆ ಇಳಿಯಿತು. ವಿಮಾನದ ಒಡಲು, ರೆಕ್ಕೆಗಳು ರೊಮೇನಿಯಾದ ಬಕಾವು ಎಂಬ ಊರಿನ ವಿಮಾನ ಕಾರ್ಖಾನೆಯಲ್ಲಿ ತಯಾರಾದವು. ಸುಮಾರು 20 ವಿಮಾನಗಳಿಗೆ ಆಗುವಷ್ಟು ಮಾಡಿದರು. ಮೊದಲನೆಯದು 2004ರಲ್ಲಿ ಹಾರಿತು. ಅದಕ್ಕೆ ಅವರು ಇಟ್ಟ ಹೆಸರು ಎ-8/ಎನ್. ಆ ಎನ್ ಅಂದರೆ ಜರ್ಮನ್ ಭಾಷೆಯಲ್ಲಿ ನಾಖ್‌ಬೌ, ಅಂದರೆ ಮತ್ತೆ ಕಟ್ಟಿದ್ದು. ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ, ಮುಚ್ಚಿಟ್ಟಿಲ್ಲ. ಮುಚ್ಚಿಡದೆ ಇದ್ದ ಮೇಲೆ ನಕಲಿ ಹೇಗಾಗುತ್ತದೆ?

ನಮ್ಮೂರಿನ ತೇರು ನೆನಪಾಗುತ್ತದೆ. ನಾನು ಹುಡುಗನಾಗಿದ್ದಾಗ ಹಳೇ ತೇರಿನ ಅಚ್ಚು ಗೆದ್ದಲು ಹಿಡಿದು, ಒಂದು ವರ್ಷ ಜಾತ್ರೆಯಲ್ಲಿ ಎಳೆಯಲೇ ಆಗಲಿಲ್ಲ. ಊರಿನವರು ಹಣ ಕೂಡಿಸಿ, ಬಡಗಿಗಳನ್ನು ಕರೆಸಿ, ಹಳೇ ತೇರಿನ ಪಕ್ಕದಲ್ಲೇ ಕೂರಿಸಿ ಅಳತೆ ತೆಗೆಸಿ ಹೊಸದು ಕಟ್ಟಿಸಿದರು. ಚಕ್ರ ಹೊಸದು, ಅಚ್ಚು ಹೊಸದು, ಕೆತ್ತನೆ ಎಲ್ಲಾ ಹೊಸದು. ದೇವರನ್ನು ಕೂರಿಸಿ ಎಳೆದಾಗ ಒಬ್ಬರಾದರೂ "ಇದು ನಕಲಿ ತೇರು" ಅಂದದ್ದು ನಾನು ಕೇಳಿಲ್ಲ. ಹಿಂದಿನ ಹಲಗೆಯ ಮೇಲೆ ಕಟ್ಟಿಸಿದ ಇಸವಿಯನ್ನೂ, ಬಡಗಿಯ ಹೆಸರನ್ನೂ ಕೆತ್ತಿಸಿದರು. ಈಗಲೂ ಇದೆ, ಓದಬಹುದು. ನಾನು ಕೇಳುತ್ತಿರುವುದೂ ಅಷ್ಟೇ. ಕಟ್ಟಲಿ, ಇಸವಿ ಕೆತ್ತಲಿ.

ನಿಜ ಹೇಳಬೇಕು ಅಂದರೆ ಹೆಚ್ಚು ಗೊಂದಲ ಇರುವುದು ಒರಿಜಿನಲ್ ಅಂತ ಕರೆಸಿಕೊಳ್ಳುವ ವಿಮಾನಗಳಲ್ಲಿ. ಬ್ರಿಟನ್‌ನ ಸ್ಪಿಟ್‌ಫೈರ್ ತೆಗೆದುಕೊಳ್ಳಿ. ಅವನ್ನು ಒಟ್ಟಾರೆ 20,000ಕ್ಕೂ ಜಾಸ್ತಿ ಮಾಡಿದರು. ಇವತ್ತು ಹಾರುತ್ತಿರುವ ಕೆಲವು ಸ್ಪಿಟ್‌ಫೈರ್‌ಗಳಲ್ಲಿ ಹಳೆಯದು ಅಂತ ಉಳಿದಿರುವುದು ಗುರುತಿನ ಪ್ಲೇಟು ಮತ್ತು ಒಂದಿಷ್ಟು ಬಿಡಿಭಾಗ. ಮಣ್ಣಿನಲ್ಲಿ ಹೂತಿದ್ದ ಮುರುಕಲು ಸಿಗುತ್ತದೆ, ಅದರ ನಂಬರಿನ ಇತಿಹಾಸ ಹುಡುಕುತ್ತಾರೆ, ಆಮೇಲೆ ಸುತ್ತಲೂ ಹೊಸ ಲೋಹದಲ್ಲಿ ವಿಮಾನ ಕಟ್ಟುತ್ತಾರೆ. ದಾಖಲೆಯಲ್ಲಿ ಅದು 1940ರ ದಶಕದ ವಿಮಾನ. ಬೆಲೆಯೂ ಹಾಗೇ. ನಾನು ಅದನ್ನು ಮೋಸ ಅನ್ನುತ್ತಿಲ್ಲ. ಆ ನಂಬರಿಗೆ ಒಬ್ಬ ಪೈಲಟ್‌ನ ಜೀವ ಅಂಟಿಕೊಂಡಿರುತ್ತದೆ, ಅದಕ್ಕೆ ಬೆಲೆ ಇದೆ. ಆದರೆ ಹೊಸ ತಗಡಿಗೆ ಹಳೇ ನಂಬರು ಸಿಕ್ಕರೆ ಒರಿಜಿನಲ್, ಸಿಗದಿದ್ದರೆ ಡೂಪ್ಲಿಕೇಟು ಅನ್ನುವುದು ಕೆಲಸ ಗೊತ್ತಿರುವವರ ಮಾತಲ್ಲ. ಎರಡರಲ್ಲೂ ರಿವೆಟ್ ಹೊಡೆದದ್ದು ಈ ಕಾಲದ ಕೈಗಳೇ.

ಇನ್ನು ಎಂಜಿನ್ ವಿಷಯ. ಫೋಕೆ ವುಲ್ಫ್‌ಗೆ ಆಗ ಇದ್ದದ್ದು ಬಿಎಂಡಬ್ಲ್ಯು 801, ಎರಡು ಸಾಲಿನಲ್ಲಿ 14 ಸಿಲಿಂಡರ್ ಇರುವ ಗುಂಡಗಿನ ಎಂಜಿನ್. ಪೈಲಟ್ ಒಂದೇ ಒಂದು ಲಿವರ್ ತಳ್ಳಿದರೆ ಸಾಕು, ಇಂಧನ ಎಷ್ಟು, ಗಾಳಿ ಎಷ್ಟು, ಪ್ರೊಪೆಲ್ಲರ್ ಎಲೆ ಎಷ್ಟು ತಿರುಗಬೇಕು ಅನ್ನುವುದನ್ನೆಲ್ಲ ಎಣ್ಣೆ, ಗೇರುಗಳಿಂದ ನಡೆಯುವ ಒಂದು ಪೆಟ್ಟಿಗೆ ತಾನೇ ನೋಡಿಕೊಳ್ಳುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ! ಅಂಥ ಎಂಜಿನ್ ಈಗ ಓಡುವ ಸ್ಥಿತಿಯಲ್ಲಿ ಸಿಗುವುದು ಬಲು ಅಪರೂಪ. ಅದಕ್ಕೇ ಹೊಸ ವಿಮಾನಗಳಿಗೆ ರಷ್ಯಾ ಮೂಲದ ಎಎಸ್ಎಚ್-82 ಜಾತಿಯ ಎಂಜಿನ್ ಹಾಕಿದರು. ಅದೂ 14 ಸಿಲಿಂಡರ್, ಗಾತ್ರವೂ ಹತ್ತಿರ ಹತ್ತಿರ. ಯುದ್ಧದಲ್ಲಿ ಫೋಕೆ ವುಲ್ಫ್‌ಗಳ ಬೆನ್ನು ಹತ್ತಿದ ರಷ್ಯಾದ ಲಾವೊಚ್ಕಿನ್ ಫೈಟರ್‌ಗಳಲ್ಲಿ ಇದ್ದದ್ದು ಇದೇ ಎಂಜಿನ್. ಯುದ್ಧ ಮುಗಿದ ಮೇಲೆ ಇಲ್ಯೂಷಿನ್-14 ಎಂಬ ಸಾಗಣೆ ವಿಮಾನಕ್ಕೂ ಇದೇ ಜಾತಿಯ ಎಂಜಿನ್ ಬಂತು, ಆ ಇಲ್ಯೂಷಿನ್ ನಮ್ಮ ವಾಯುಪಡೆಯಲ್ಲೂ ಇತ್ತು. ಅಂದರೆ ಈ ಎಂಜಿನ್ನಿನ ಸದ್ದು ನಮ್ಮ ದೇಶದ ಹಳಬರ ಕಿವಿಗೂ ಬಿದ್ದಿದೆ.

ಹಳೇ ಎಂಜಿನ್ನೇ ಇರುವ ಫೋಕೆ ವುಲ್ಫ್ ಕೂಡ ಒಂದು ಹಾರಿದೆ. ಲೆನಿನ್‌ಗ್ರಾಡ್ ಹತ್ತಿರದ ಕಾಡಿನಲ್ಲಿ 1943ರಲ್ಲಿ ಇಳಿದ ಅದು ಅಲ್ಲೇ ಸುತ್ತ ಮರ ಬೆಳೆದು ಸುಮಾರು ಅರ್ಧ ಶತಮಾನ ನಿಂತಿತ್ತು. ಅದನ್ನು ಎತ್ತಿ ತಂದು ರಿಪೇರಿ ಮಾಡಿ 2010ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಹಾರಿಸಿದರು. ಅಂಥದ್ದನ್ನು ದಿನಾ ಹಾರಿಸಬೇಕಾ? ನನ್ನ ಪ್ರಕಾರ ಬೇಡವೇ ಬೇಡ. ಅದರ ಮೇಲಿನ ಗೀರು, ಬಣ್ಣ, ಕಾರ್ಖಾನೆಯ ಮುದ್ರೆ ಎಲ್ಲವೂ ದಾಖಲೆ. ಒಂದು ಸಲ ಬಿದ್ದರೆ ಮುಗಿಯಿತು. 2010ರಲ್ಲೇ, ಜೂನ್ ತಿಂಗಳಲ್ಲಿ, ಫ್ರಾನ್ಸ್‌ನ ಇಯೆರ್ ಎಂಬ ಊರಿನ ಹತ್ತಿರ ಫ್ಲುಗ್ ವೆರ್ಕ್‌ನ ಒಂದು ಹೊಸ ಫೋಕೆ ವುಲ್ಫ್ ಎಂಜಿನ್ ಕೈಕೊಟ್ಟು ಸಮುದ್ರಕ್ಕೆ ಇಳಿಯಿತು. ಪೈಲಟ್ ಬದುಕಿದರು. ವಿಮಾನ ಹೋಯಿತು, ಆದರೆ ಇತಿಹಾಸ ಹೋಗಲಿಲ್ಲ, ಯಾಕಂದರೆ ಅದು ಹೊಸದು. ಹಳೆಯದು ಮ್ಯೂಸಿಯಂನಲ್ಲಿ ಧೂಳು ಹಿಡಿಯದ ಹಾಗೆ ಕೂರಲಿ, ಅದರ ಬದಲಿಗೆ ಹೊಸದು ಗಾಳಿಗೆ ಮೈಯೊಡ್ಡಲಿ. ಪ್ರತಿಕೃತಿ ಕಟ್ಟುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗಂತೂ ಗೊತ್ತಿಲ್ಲ.

ಈ ಫೋಕೆ ವುಲ್ಫ್‌ಗೂ ನಮ್ಮ ಬೆಂಗಳೂರಿಗೂ ಇರುವ ನಂಟನ್ನು ಅವತ್ತು ಅಳಿಯನಿಗೆ ಹೇಳಿದಾಗ ಅವರು ನಂಬಲಿಲ್ಲ. ಆ ವಿಮಾನವನ್ನು ರೂಪಿಸಿದವರು ಕುರ್ಟ್ ಟ್ಯಾಂಕ್. ಮೊದಲ ಮಹಾಯುದ್ಧದಲ್ಲಿ ಕುದುರೆ ದಳದಲ್ಲಿ ಇದ್ದವರು. ರೇಸ್ ಕುದುರೆ ಬೇಡ, ಕೆಸರಲ್ಲೂ ಓಡುವ ದಂಡಿನ ಕುದುರೆ ಬೇಕು ಅನ್ನುವುದು ಅವರ ಯೋಚನೆ. ಅದಕ್ಕೇ ಆ ವಿಮಾನದ ಚಕ್ರಗಳು ಒಂದಕ್ಕೊಂದು ದೂರ ಇವೆ, ಹದಗೆಟ್ಟ ಮೈದಾನದಲ್ಲೂ ಇಳಿಯಲಿ ಅಂತ. ಅದು ಮೊದಲು ಹಾರಿದ್ದು 1939ರ ಜೂನ್ 1ರಂದು. ಜರ್ಮನಿ ಸೋತ ಮೇಲೆ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋದರು, ಅಲ್ಲಿಂದ 1956ರಲ್ಲಿ ತಮ್ಮ ತಂಡದ ಜೊತೆ ನಮ್ಮಲ್ಲಿಗೆ ಬಂದರು. ಎಚ್‌ಎಎಲ್‌ನಲ್ಲಿ ಅವರು ಮಾಡಿದ ಎಚ್ಎಫ್-24 ಮಾರುತ್ 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್.

ಮಾರುತ್‌ನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಲೋಹದ ವಿಮಾನ ಹಾರುವ ಎರಡು ವರ್ಷ ಮೊದಲು, 1959ರಲ್ಲಿ, ಅದೇ ಆಕಾರದ, ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಇಲ್ಲಿ ಕಟ್ಟಿದ್ದರು. ಎಕ್ಸ್-241 ಅಂತ ಅದರ ಹೆಸರು. ಎಂಜಿನ್ ಇಲ್ಲ. ಡಕೋಟಾ ವಿಮಾನ ಹಗ್ಗ ಕಟ್ಟಿ ಎಳೆದು ಮೇಲೆ ಬಿಡುತ್ತಿತ್ತು, ಪೈಲಟ್ ತೇಲುತ್ತಾ ಕೆಳಗಿಳಿಸುತ್ತಿದ್ದರು. ನಮ್ಮಪ್ಪ ಆಗ ಕೆಲಸಕ್ಕೆ ಹೊಸಬರು. ಮರಗೆಲಸದವರು ಆ ರೆಕ್ಕೆಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದನ್ನು ಹೇಳುವಾಗ ಅವರ ಅಂಗೈ ತಾನಾಗಿಯೇ ಗಾಳಿಯಲ್ಲಿ ಸವರುತ್ತಿತ್ತು. ಪೂರ್ಣ ಅಳತೆಯ ವಿಮಾನವನ್ನು ಮರದಲ್ಲಿ ಕಟ್ಟಿ ಹಾರಿಸಿದ ಊರು ನಮ್ಮದು. ಪ್ರತಿಕೃತಿ ಕಟ್ಟುವುದು ನಮಗೆ ಹೊಸ ವಿದ್ಯೆ ಅಲ್ಲ.

ನಮ್ಮಪ್ಪನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ವಿಮಾನದ ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಒಬ್ಬರು ರಿವೆಟ್ ಬಡಿಯುವ ಗನ್ ಹಿಡಿಯುತ್ತಾರೆ, ಒಳಗೆ ಇನ್ನೊಬ್ಬರು ರಿವೆಟ್‌ನ ಬಾಲಕ್ಕೆ ಡಾಲಿ ಒತ್ತಿ ಹಿಡಿಯುತ್ತಾರೆ. ಡಾಲಿ ಅಂದರೆ ಅಂಗೈಯಲ್ಲಿ ಹಿಡಿಸುವ ಉಕ್ಕಿನ ಗಟ್ಟಿ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಸದ್ದಿನಲ್ಲಿ ಮಾತು ಕೇಳುವುದಿಲ್ಲ. ತಗಡಿನ ಮೇಲೆ ಒಂದು ಸಲ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ಇನ್ನೂ ಹೊಡಿ ಅಂತ ಅವರವರ ನಡುವೆ ಲೆಕ್ಕ. ಕೆಲವು ಜಾತಿಯ ರಿವೆಟ್‌ಗಳನ್ನು ಮೊದಲು ಕಾಯಿಸಿ, ತಣಿಸಿ, ಆಮೇಲೆ ಐಸ್ ಪೆಟ್ಟಿಗೆಯಲ್ಲಿ ಇಡಬೇಕು. ಹೊರಗೆ ತೆಗೆದರೆ ಹೊತ್ತು ಹೋದ ಹಾಗೆ ತಾನಾಗಿಯೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಮೇಲೆ ಹೊಡೆದರೆ ಬಿರುಕು ಬಿಡುತ್ತದೆ. ಹಾಗಾಗಿ ಎಷ್ಟು ಹೊಡೆಯಲು ಆಗುತ್ತದೋ ಅಷ್ಟೇ ತರಬೇಕು. "ದೋಸೆ ಹಿಟ್ಟು ಇದ್ದ ಹಾಗೆ, ಬೇಕಾದಷ್ಟೇ ಹೊರಗೆ ತೆಗೀಬೇಕು" ಅನ್ನುತ್ತಿದ್ದರು ಅಪ್ಪ.

ಇದೆಲ್ಲ ಪುಸ್ತಕದಲ್ಲಿ ಇಲ್ಲವಾ ಅಂತ ಕೇಳಬಹುದು. ಇದೆ. ಆದರೆ ಡಾಲಿಯನ್ನು ಎಷ್ಟು ಒತ್ತಬೇಕು ಅನ್ನುವುದು ಪುಸ್ತಕ ಓದಿದರೆ ಬರುವುದಿಲ್ಲ, ಪಕ್ಕದಲ್ಲಿ ನಿಂತು ಕಲಿತರೆ ಮಾತ್ರ ಬರುತ್ತದೆ. ಹಳೇ ವಿಮಾನವನ್ನು ಹೊಸದಾಗಿ ಕಟ್ಟುವ ಜಾಗಗಳಲ್ಲಿ ನಡೆಯುತ್ತಿರುವುದು ಇದೇ. ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಬೆನ್ನಿಗೆ ನಿಂತ ವಿಂಟೇಜ್ ಏವಿಯೇಟರ್ ಕಂಪನಿಯವರು ಮೊದಲ ಮಹಾಯುದ್ಧದ ವಿಮಾನಗಳನ್ನು ಕಟ್ಟುತ್ತಾ, ಎಂಜಿನ್ ಸಿಗದಿದ್ದಾಗ ಎಂಜಿನ್ನನ್ನೂ ತಾವೇ ಹೊಸದಾಗಿ ಮಾಡಿದರು. ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗರಗರ ತಿರುಗುವ ಓಬರ್‌ಉರ್ಸೆಲ್ ಕೂಡ ಅದರಲ್ಲಿ ಒಂದು. ನೂರು ವರ್ಷದ ಹಿಂದೆ ನಿಂತುಹೋದ ಕಾರ್ಖಾನೆಯ ಕೆಲಸ ಇನ್ನೊಂದು ದೇಶದಲ್ಲಿ ಮತ್ತೆ ಶುರುವಾಯಿತು ಅಂದರೆ ಅದು ಸಣ್ಣ ಮಾತಾ?

ಅಮೆರಿಕದಲ್ಲಿ ಮೆಸರ್‌ಸ್ಮಿಟ್ 262 ಕಟ್ಟಿದವರ ಕಥೆಯೂ ಹಾಗೇ. ಯುದ್ಧಕ್ಕೆ ಇಳಿದ ಮೊದಲ ಜೆಟ್ ಫೈಟರ್ ಅದು. 1993ರಲ್ಲಿ ಟೆಕ್ಸಾಸ್‌ನಲ್ಲಿ ಕೆಲಸ ಶುರುವಾಗಿ, ಆಮೇಲೆ ವಾಷಿಂಗ್ಟನ್ ರಾಜ್ಯದ ಎವರೆಟ್‌ಗೆ ಬಂದು, ಮೊದಲನೆಯದು 2002ರ ಡಿಸೆಂಬರ್ 20ರಂದು ಹಾರಿತು. ಒಂಬತ್ತು ವರ್ಷ! ಪೆನ್ಸಿಲ್ವೇನಿಯಾದ ನೌಕಾಪಡೆಯ ನೆಲೆಯೊಂದರಲ್ಲಿ ದಶಕಗಳ ಕಾಲ ಬಿಸಿಲು ಮಳೆಯಲ್ಲಿ ನಿಂತಿದ್ದ ಒಂದು ಅಸಲಿ ವಿಮಾನವನ್ನು ತಂದು, ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು ಅದರಂತೆ ಹೊಸದು ಮಾಡಿದರು. ಅದಕ್ಕೆ ಪ್ರತಿಯಾಗಿ ಆ ಹಳೆಯದನ್ನು ಚೊಕ್ಕವಾಗಿ ರಿಪೇರಿ ಮಾಡಿ ನೌಕಾಪಡೆಗೆ ವಾಪಸ್ ಕೊಟ್ಟರು. ಈ ವ್ಯವಹಾರ ನನಗೆ ತುಂಬಾ ಇಷ್ಟವಾಯಿತು. ಹೊಸದು ಹುಟ್ಟಿತು, ಹಳೆಯದೂ ಉಳಿಯಿತು.

ಅದರ ಎಂಜಿನ್ ಮಾತ್ರ ಅವರು ಬದಲಾಯಿಸಿದರು. ಜರ್ಮನಿಯಲ್ಲಿ ಆಗ ನಿಕಲ್, ಕ್ರೋಮಿಯಂ ಸಾಕಷ್ಟು ಸಿಗುತ್ತಿರಲಿಲ್ಲ, ಹಾಗಾಗಿ ಬೆಂಕಿ ಉರಿಯುವ ಡಬ್ಬಗಳನ್ನು ಸಾದಾ ಉಕ್ಕಿಗೆ ಅಲ್ಯುಮಿನಿಯಂ ಲೇಪಿಸಿ ಮಾಡುತ್ತಿದ್ದರು. ಅಂಥ ಎಂಜಿನ್ 10ರಿಂದ 25 ಗಂಟೆ ಓಡಿದರೆ ಹೆಚ್ಚು. ಅದನ್ನೇ ಮತ್ತೆ ಮಾಡಿ ಒಬ್ಬ ಮನುಷ್ಯನನ್ನು ಕೂರಿಸುವುದು ತಪ್ಪು. ಅವರು ಹಳೇ ಆಕಾರದ ಹೊದಿಕೆಯ ಒಳಗೆ ಸಣ್ಣ ಲಿಯರ್‌ಜೆಟ್‌ಗಳಲ್ಲಿ ಬಳಸುತ್ತಿದ್ದ ಜನರಲ್ ಎಲೆಕ್ಟ್ರಿಕ್ ಎಂಜಿನ್ ಕೂರಿಸಿದರು. ಒಪ್ಪಿಕೊಂಡೇ ಮಾಡಿದರು. ರಷ್ಯಾದ ಒರೆನ್‌ಬರ್ಗ್‌ನಲ್ಲಿ 1990ರ ದಶಕದಲ್ಲಿ ಯಾಕೊವ್ಲೆವ್ ಕಂಪನಿಯೇ ತನ್ನ ಯಾಕ್-3 ಫೈಟರನ್ನು ಹೊಸದಾಗಿ ಮಾಡಿದಾಗಲೂ ಅಮೆರಿಕದ ಆಲಿಸನ್ ಎಂಜಿನ್ ಹಾಕಿತು. ಹಾರುವವರ ಜೀವ ಮುಖ್ಯ, ಈ ವಿಷಯದಲ್ಲಿ ಹಠ ಬೇಡ.

ಆದರೆ ಮೆಸರ್‌ಸ್ಮಿಟ್ 262ರ ಬಗ್ಗೆ ಬರೆಯುವಾಗ ಒಂದು ಮಾತು ಬಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ. ಯುದ್ಧದ ಕೊನೆಯಲ್ಲಿ ಆಸ್ಟ್ರಿಯಾದ ಗುಸೆನ್ ಸೆರೆಶಿಬಿರದ ಕೈದಿಗಳಿಂದ ನೆಲದಡಿಯ ಸುರಂಗಗಳಲ್ಲಿ ಆ ವಿಮಾನದ ಒಡಲುಗಳನ್ನು ಮಾಡಿಸಿದರು. ಉಪವಾಸ, ಹೊಡೆತ, ಸಾವು. ಇಂದು ನಾವು ಇಷ್ಟಪಟ್ಟು ಹೊಡೆಯುವ ರಿವೆಟನ್ನು ಅವರು ಬಂದೂಕಿನ ಮುಂದೆ ನಿಂತು ಹೊಡೆದರು. ಪ್ರತಿಕೃತಿ ಕಟ್ಟುವವರು ಆ ವಿಮಾನದ ಪಕ್ಕದಲ್ಲಿ ಇದನ್ನೂ ದೊಡ್ಡ ಅಕ್ಷರದಲ್ಲಿ ಬರೆದು ನಿಲ್ಲಿಸಬೇಕು. ವೇಗ ಎಷ್ಟು, ತೋಪು ಎಷ್ಟು ಅಂತ ಬರೆದು ಕೈದಿಗಳ ಕಥೆ ಬಿಟ್ಟರೆ ನನ್ನ ಲೆಕ್ಕದಲ್ಲಿ ಅದು ಅರ್ಧ ಕಟ್ಟಿದ ವಿಮಾನ. ಬಾಲದ ಮೇಲೆ ಸ್ವಸ್ತಿಕ ಬರೆಯುವ ವಿಷಯದಲ್ಲಿ ಜರ್ಮನಿಯ ಕಾನೂನು ಬಿಗಿಯಾಗಿದೆ, ಅಲ್ಲಿ ತೋರಿಸುವಾಗ ಸಾಮಾನ್ಯವಾಗಿ ಆ ಗುರುತು ಇರುವುದಿಲ್ಲ. ಅದು ಸರಿಯಾದದ್ದು.

ಯುದ್ಧದ ಯಂತ್ರಗಳನ್ನು ಮತ್ತೆ ಯಾಕೆ ಕಟ್ಟಬೇಕು, ಆ ಹಣದಲ್ಲಿ ಶಾಲೆ ಕಟ್ಟಬಹುದಲ್ಲ ಅಂತ ನನ್ನ ಹೆಂಡತಿಯೇ ಕೇಳಿದಳು. ಅವಳ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪೀಟರ್ ಜಾಕ್ಸನ್ ಅಂಥವರ ಹತ್ತಿರ ಹಣ ಇದೆ, ಅವರು ಮಾಡುತ್ತಾರೆ. ಹಾರುವ ವಿಮಾನವೇ ಬೇಕು ಅಂತ ನಾನು ಇಲ್ಲಿ ಕೇಳುತ್ತಿಲ್ಲ. ನೆಲದ ಮೇಲೆ ನಿಲ್ಲುವ, ಸಾಧ್ಯವಾದರೆ ಎಂಜಿನ್ ಶುರುವಾಗುವ ಒಂದು ವಿಮಾನ ಸಾಕು. ಅದನ್ನು ಕಟ್ಟುವ ಜಾಗವೇ ಒಂದು ಶಾಲೆ ಆಗುತ್ತದೆ ಅನ್ನುವುದು ನಾನು ಅವಳಿಗೆ ಕೊಟ್ಟ ಉತ್ತರ.

ಈಗ ಹಾಕ್ ವಿಷಯಕ್ಕೆ ಬರುತ್ತೇನೆ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, ಶುರುವಾದದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಅವರ ಜೊತೆ ಪಾಲುದಾರಿಕೆಗೆ ಮೈಸೂರು ಸಂಸ್ಥಾನ. ಆಗ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮೊದಲು 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಹಾರಿತು. ಆಮೇಲೆ ಬಂತು ಕರ್ಟಿಸ್ ಹಾಕ್ ಫೈಟರ್. ಚೀನಾ ಸರ್ಕಾರಕ್ಕಾಗಿ ಮಾಡುತ್ತಿದ್ದ ವಿಮಾನ ಅದು. ಬರ್ಮಾ ಗಡಿಯ ಹತ್ತಿರ ಲೋಯಿವಿಂಗ್‌ನಲ್ಲಿ ಇದ್ದ ಕಾರ್ಖಾನೆಯ ಮೇಲೆ ಜಪಾನಿನ ಬಾಂಬು ಬಿದ್ದ ಮೇಲೆ ಕೆಲಸ ಬೆಂಗಳೂರಿಗೆ ಬಂತು. 1942ರ ಜುಲೈನಲ್ಲಿ ಮೊದಲ ಹಾಕ್ ಇಲ್ಲಿ ಹಾರಿತು. ಭಾಗಗಳು ಅಮೆರಿಕದವು, ಅದನ್ನು ಮುಚ್ಚಿಡುವುದು ಬೇಡ. ಆದರೆ ಜೋಡಿಸಿದ್ದು ನಮ್ಮವರು. ಬೆಂಗಳೂರಿನಲ್ಲಿ ಫೈಟರ್ ವಿಮಾನದ ಕೆಲಸ ಶುರುವಾದದ್ದೇ ಅಲ್ಲಿಂದ. ತೇಜಸ್ ನೋಡಿ ಹೆಮ್ಮೆಪಡುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಹಾಕ್ ಹೆಸರು ಗೊತ್ತು?

ಇಲ್ಲಿ ಜೋಡಿಸಿದ್ದು ಬೆರಳೆಣಿಕೆಯಷ್ಟು ಮಾತ್ರ. ಬ್ರಿಟಿಷರು ಈ ಜಾತಿಯ ವಿಮಾನವನ್ನು ಮೊಹಾಕ್ ಅಂತ ಕರೆದು ಬರ್ಮಾ ಗಡಿಯಲ್ಲಿ 1944ರ ಶುರುವಿನವರೆಗೆ ಬಳಸಿದರು. ಆಮೇಲೆ ಕಾರ್ಖಾನೆಯಲ್ಲಿ ಅಮೆರಿಕದ ವಾಯುಸೇನೆಯ ರಿಪೇರಿ ಕೆಲಸ ತುಂಬಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಆಗ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಇವತ್ತು ನೊರೆಗೆ ಹೆಸರಾದ ಅದೇ ಕೆರೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಇನ್ನು ಹಾರದ ಹಾಗೆ ಜಜ್ಜಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಎಚ್‌ಎಎಲ್‌ನವರು ಹೇಗೋ ಹಾರುವಷ್ಟು ಸರಿಮಾಡಿ ಬೆಂಗಳೂರಿಗೆ ತಂದರು. ಜಿಮ್ಮಿ ಮುನ್ಷಿ ಎಂಬ ಪೈಲಟ್ ಅವನ್ನು ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾದ ಮೇಲೆ ಅವು ನಮ್ಮ ವಾಯುಪಡೆಯಲ್ಲಿ 1968ರವರೆಗೆ ಹಾರಿದವು. ಇವತ್ತು ಬ್ರಿಟನ್, ಅಮೆರಿಕದ ಮ್ಯೂಸಿಯಂಗಳಲ್ಲಿ ಇರುವ ಕೆಲವು ಲಿಬರೇಟರ್‌ಗಳು ಹೀಗೆ ನಮ್ಮ ದೇಶದಿಂದ ಹೋದವು. ಅವರೇ ಬಿಸಾಡಿದ್ದನ್ನು ನಮ್ಮವರು ಉಳಿಸಿ ಕೊಟ್ಟರು. ನನಗೆ ಇದನ್ನು ಬರೆಯುವಾಗಲೂ ಮೈ ಜುಮ್ಮೆನ್ನುತ್ತದೆ.

ಇಂಥ ಊರಿನಲ್ಲಿ ಒಂದು ಹಾಕ್ ಕಟ್ಟಲು ಆಗುವುದಿಲ್ಲವಾ? ಆಗುತ್ತದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 37 ಅಡಿ, ಉದ್ದ 29 ಅಡಿ. ಪೀಣ್ಯದ ಒಂದು ಮಧ್ಯಮ ಶೆಡ್‌ನಲ್ಲಿ ಹಿಡಿಸುತ್ತದೆ. ಅಳತೆಗೆ ಹಳೆಯದು ಬೇಕು ಅಂದರೆ ಬ್ರಿಟನ್‌ನ ಡಕ್ಸ್‌ಫರ್ಡ್‌ನಲ್ಲಿ ಹಾರುವ ಸ್ಥಿತಿಗೆ ತಂದಿರುವ ಹಾಕ್ ಇದೆ, ಅಮೆರಿಕದ ಡೇಟನ್ ಮ್ಯೂಸಿಯಂನಲ್ಲೂ ಒಂದಿದೆ. ಎಂಜಿನ್ನಿಗೂ ದಾರಿ ಇದೆ. ಇಲ್ಲಿ ಜೋಡಿಸಿದ ಹಾಕ್‌ಗೆ ಇದ್ದದ್ದು 9 ಸಿಲಿಂಡರಿನ ರೈಟ್ ಸೈಕ್ಲೋನ್. ಅದೇ ಎಂಜಿನ್ನನ್ನು ರಷ್ಯಾದವರು ಪರವಾನಗಿ ಪಡೆದು ಮಾಡುತ್ತಾ, ತಿದ್ದುತ್ತಾ ಬಂದು ಆಂಟನೊವ್-2 ವಿಮಾನಕ್ಕೆ ಹಾಕಿದರು. ಆಂಟನೊವ್-2 ಸಾವಿರಾರು ತಯಾರಾಗಿವೆ, ಹಳೇ ಎಂಜಿನ್ ಒಂದು ಹುಡುಕಿದರೆ ಸಿಗಬೇಕು. ನಿಜವಾಗಿ ಕಷ್ಟ ಇರುವುದು ಚಕ್ರದಲ್ಲಿ. ಹಾಕ್‌ನ ಚಕ್ರ ಹಿಂದಕ್ಕೆ ಮಡಚುತ್ತಾ ಹೋದ ಹಾಗೆ 90 ಡಿಗ್ರಿ ತಿರುಗಿ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತದೆ. ಅದರ ಗೇರು, ಕಾಲು ಮಾಡುವುದು ಒಳ್ಳೆಯ ಟರ್ನರ್‌ಗೂ ವರ್ಷದ ಕೆಲಸ. ನೆಲದಲ್ಲೇ ನಿಲ್ಲುವ ವಿಮಾನಕ್ಕೆ ಅದು ಮಡಚದಿದ್ದರೂ ನಡೆಯುತ್ತದೆ, ಆದರೆ ಮಡಚುವಂತೆ ಮಾಡಬೇಕು ಅನ್ನುವುದು ನನ್ನ ಆಸೆ.

ಐಟಿಐ, ಡಿಪ್ಲೊಮಾ ಓದುವ ಮಕ್ಕಳನ್ನು ಕರೆಯಿರಿ. ನಿವೃತ್ತರಾದ ಫಿಟ್ಟರ್‌ಗಳು, ಟರ್ನರ್‌ಗಳು, ಶೀಟ್ ಮೆಟಲ್‌ನವರು, ವಿಮಾನಪುರ, ಮುರುಗೇಶಪಾಳ್ಯದ ಕಡೆ ಎಷ್ಟೋ ಜನ ಇದ್ದಾರೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಪೇಪರ್ ಓದಿ ಕೂರುತ್ತಾರೆ. ಅವರಿಗೆ ಒಂದು ಜಾಗ, ತಗಡು ಉಬ್ಬಿಸುವ ಒಂದು ವೀಲಿಂಗ್ ಮಷಿನ್, ಮರದ ಅಚ್ಚುಗಳು, ಮರದ ಸುತ್ತಿಗೆ ಕೊಟ್ಟು, ಪಕ್ಕದಲ್ಲಿ ನಾಲ್ಕು ಹುಡುಗ ಹುಡುಗಿಯರನ್ನು ನಿಲ್ಲಿಸಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಇದೆ, ಮಕ್ಕಳು ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ನೋಡಿ. ಅದರ ಹೊರಗೇ ಮಾರುತ್ ನಿಂತಿದೆ. ಹಾಕ್ ಆದರೆ ಎಚ್‌ಎಎಲ್ ಮ್ಯೂಸಿಯಂನಲ್ಲೋ ಅಲ್ಲೋ ನಿಂತರೆ ಬೆಂಗಳೂರಿನ ಕಥೆ ಮೊದಲಿನಿಂದ ಹೇಳಿದ ಹಾಗೆ ಆಗುತ್ತದೆ.

ತಡ ಮಾಡಬಾರದು ಅನ್ನುವುದಕ್ಕೆ ನನ್ನ ಕಣ್ಣೆದುರಿನದೇ ಒಂದು ಸಂಗತಿ. ನನ್ನ ಶೆಡ್‌ನ ಪಕ್ಕದಲ್ಲಿ ಒಂದು ಕಂಪನಿ ಬಾಗಿಲು ಹಾಕಿದಾಗ ಹೊಸ ಮಾಲೀಕರು ಜಾಗ ಖಾಲಿ ಮಾಡಿಸಲು ಎರಡು ಬೀರು ತುಂಬ ಇದ್ದ ಡ್ರಾಯಿಂಗ್‌ಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದರು. ನಾನು ಓಡಿ ಹೋಗುವಷ್ಟರಲ್ಲಿ ಗಾಡಿ ಹೊರಟಿತ್ತು. ಬ್ರಿಟನ್‌ನಲ್ಲಿ ಹೀಗಾಗಲಿಲ್ಲ. ಅಲ್ಲಿನ ಬ್ರೌಟನ್ ಕಾರ್ಖಾನೆಯ ಹಳೇ ಕಟ್ಟಡ ಒಡೆಯುವ ಮೊದಲು, 2017ರಲ್ಲಿ, ಮೊಸ್ಕಿಟೊ ವಿಮಾನದ 20,000ಕ್ಕೂ ಹೆಚ್ಚು ಡ್ರಾಯಿಂಗ್‌ಗಳು ಸಿಕ್ಕಿದವು. ಮರದ ಆ ಫೈಟರನ್ನು ಮತ್ತೆ ಹಾರಿಸಬೇಕು ಅಂತ ಹೊರಟಿದ್ದ ಗುಂಪಿನ ಕೈಗೆ ಅವನ್ನು ಕೊಟ್ಟರು. ನ್ಯೂಜಿಲೆಂಡ್‌ನಲ್ಲಿ ಹೊಸ ಅಚ್ಚು ಮಾಡಿ, ಹೊಸ ಮರದ ಒಡಲು ಕಟ್ಟಿ 2012ರಲ್ಲೇ ಒಂದು ಮೊಸ್ಕಿಟೊ ಹಾರಿಸಿದ್ದರು. ಮರ ಕೊಳೆಯುತ್ತದೆ, ಡ್ರಾಯಿಂಗ್ ಇದ್ದರೆ ಮತ್ತೆ ಕಟ್ಟಬಹುದು.

ಹಾಗಾಗಿ ನಿಮ್ಮ ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಪ್ಪ, ತಾತ, ದೊಡ್ಡಪ್ಪ ಯಾರಾದರೂ 1940ರ ದಶಕದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಕೆಲಸ ಮಾಡಿದ್ದರೆ ಮನೆಯ ಟ್ರಂಕು, ಅಟ್ಟ ಒಂದು ಸಲ ನೋಡಿ. ಫೋಟೊ, ಪಾಸು, ನೋಟ್‌ಬುಕ್ಕು, ನೀಲಿ ಕಾಗದದ ಡ್ರಾಯಿಂಗು, ಏನೇ ಇರಲಿ. ಹಾಕ್‌ನ ಮುಂದೆ ನಿಂತು ತೆಗೆಸಿದ ಒಂದು ಫೋಟೊದಲ್ಲಿ ರಿವೆಟ್ ಸಾಲು ಎಲ್ಲಿತ್ತು, ಬಣ್ಣ ಎಲ್ಲಿಗೆ ಮುಗಿಯುತ್ತಿತ್ತು ಅಂತ ಗೊತ್ತಾಗಬಹುದು. ಗುಜರಿಗೆ ಹಾಕಬೇಡಿ. ಸಂಪಾದಕರೇ, ಅಂಥ ಫೋಟೊಗಳು ಬಂದರೆ ನೀವು ವಾರಕ್ಕೆ ಒಂದಾದರೂ ಅಚ್ಚು ಹಾಕಿದರೆ ಬಹಳ ಉಪಕಾರ. ಕಾಲೇಜಿನವರು, ಮ್ಯೂಸಿಯಂನವರು ಯಾರಾದರೂ ಈ ಕೆಲಸಕ್ಕೆ ಮುಂದೆ ಬಂದರೆ ನಾನು ವಾರಕ್ಕೆ ಮೂರು ದಿನ ಬರುತ್ತೇನೆ, ಸಂಬಳ ಬೇಡ, ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಕಣ್ಣು ಇನ್ನೂ ಚೆನ್ನಾಗಿದೆ, ಕೈ ನಡುಗುವುದಿಲ್ಲ. ಅಪ್ಪನ ಡಾಲಿ ನನ್ನ ಹತ್ತಿರವೇ ಇದೆ. ಬಳಸಿ ಬಳಸಿ ಅದರ ಒಂದು ಮೂಲೆ ಅವರ ಹೆಬ್ಬೆರಳಿನ ಆಕಾರಕ್ಕೆ ಸವೆದಿದೆ, ಆದರೆ ಮುಖ ಇನ್ನೂ ಸಪಾಟಾಗಿದೆ, ಕೆಲಸಕ್ಕೆ ಬರುತ್ತದೆ.

ಇಂತಿ,
ಪೀಣ್ಯದ ಒಬ್ಬ ನಿವೃತ್ತ ಶೀಟ್ ಮೆಟಲ್ ಕೆಲಸಗಾರ, ಬೆಂಗಳೂರು